ಕೋಣೆಯನ್ನು ಸುಮ್ಮನಾಗಿಸುವ ವಿದ್ಯೆ: ಬಹು ಸಬ್‌ವೂಫರ್ ವಿನ್ಯಾಸದ ಚರಿತ್ರೆ ಮತ್ತು ಮಂಗಸೂಳಿಯ ಮನೆ

ಖಂಡೋಬಾ ಕ್ಷೇತ್ರವೆಂದು ಕರ್ನಾಟಕ–ಮಹಾರಾಷ್ಟ್ರ ಗಡಿಯ ಎರಡೂ ಬದಿಯ ಭಕ್ತರಿಗೆ ಗೊತ್ತಿರುವ ಮಂಗಸೂಳಿಯ ಸುತ್ತಮುತ್ತ ಮಂದ್ರನಾದಕ್ಕೆ ಬರವಿಲ್ಲ. ಡೊಳ್ಳು, ಕರಡಿ ವಾದ್ಯಗಳು ಹಳೆಯವು. ಮೆರವಣಿಗೆಯ ‘ಡಾಲ್ಬಿ’ ಧ್ವನಿವರ್ಧಕ ಹೊಸದು. ಇವೆಲ್ಲ ಬಯಲಿನ ನಾದ. ಬಯಲಲ್ಲಿ ಹೊರಟ ಅಲೆಯನ್ನು ತಡೆದು ತಿರುಗಿಸುವ ಗೋಡೆಗಳಿಲ್ಲ, ಹಾಗಾಗಿ ಪೆಟ್ಟಿಗೆ ಪೇರಿಸಿದಷ್ಟೂ ಸದ್ದು ಏರುತ್ತದೆ. ಆ ಲೆಕ್ಕ ಮನೆಯೊಳಗೆ ನಡೆಯದು. ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಸಬ್‌ವೂಫರ್ (ಮಂದ್ರನಾದಕ್ಕೆಂದೇ ಮೀಸಲಾದ ಸ್ಪೀಕರ್ ಪೆಟ್ಟಿಗೆ) ಇಡುವ ಶಾಸ್ತ್ರ ಬೆಳೆದದ್ದು ಸದ್ದು ಹೆಚ್ಚಿಸಲಿಕ್ಕಲ್ಲ, ಕೋಣೆಯನ್ನು ಸುಮ್ಮನಾಗಿಸಲಿಕ್ಕೆ ಎಂಬುದು ಈ ಲೇಖನದ ವಾದ.

ಇದರ ಗಣಿತ ಲಾರ್ಡ್ ರೇಲಿಯವರ ‘ದಿ ಥಿಯರಿ ಆಫ್ ಸೌಂಡ್’ (1877–78) ಗ್ರಂಥದಲ್ಲೇ ಇದೆ. ಎದುರುಬದುರಾದ ಎರಡು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂರುವ ಆವೃತ್ತಿಯಲ್ಲಿ ಕೋಣೆ ತಾನೇ ಮಿಡಿಯುತ್ತದೆ. 16 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯನ್ನು ಲೆಕ್ಕ ಹಾಕಿದರೆ ಈ ಮಿಡಿತಗಳು ಕ್ರಮವಾಗಿ ಸುಮಾರು 35, 47 ಮತ್ತು 56 ಹರ್ಟ್ಝ್‌ಗೆ ಬರುತ್ತವೆ. ಗೋಡೆಯ ಬಳಿ ಒತ್ತಡ ಗರಿಷ್ಠ, ನಡುವೆ ಶೂನ್ಯ. ಒಂದೇ ಹಾಡಿನ ಮಂದ್ರ ಗೋಡೆಗೆ ಒರಗಿದವನಿಗೆ ಗುಮ್ಮೆನ್ನುತ್ತದೆ, ಕೋಣೆಯ ನಡುವೆ ಕೂತವನಿಗೆ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಪೆಟ್ಟಿಗೆ ಎಷ್ಟೇ ದುಬಾರಿಯಾದರೂ ಇದು ತಪ್ಪದು.

ಇದೇ ತತ್ವವನ್ನು ವಾದ್ಯದ ಚರ್ಮದ ಮೇಲೆ ಪರೀಕ್ಷಿಸಿದವರು ಸಿ. ವಿ. ರಾಮನ್. ಶಿವಕಾಳಿ ಕುಮಾರ್ ಅವರೊಂದಿಗೆ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಟಿಪ್ಪಣಿಯನ್ನು ಅವರು 1934ರಲ್ಲಿ, ತಾವೇ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯ ಮೊದಲ ಸಂಪುಟದಲ್ಲಿ ವಿಸ್ತರಿಸಿದರು. ಮೃದಂಗ, ತಬಲಾಗಳ ಕರಣೆಯ (ಚರ್ಮದ ಮೇಲಿನ ಕಪ್ಪು ಲೇಪದ) ಭಾರದಿಂದ ಒಂಬತ್ತು ಕಂಪನ ರೂಪಗಳು ಐದು ಸ್ವರಗಳೊಳಗೆ ಅಡಗುತ್ತವೆಂದು ತೋರಿಸಿದರು. ನಮಗೆ ಬೇಕಾದದ್ದು ಇದರ ಹಿಂದಿರುವ ಇನ್ನೊಂದು ಮಾತು: ಒಂದು ಕಂಪನದಲ್ಲಿ ಯಾವ ರೇಖೆಯ ಮೇಲೆ ಚರ್ಮ ಅಲುಗುವುದಿಲ್ಲವೋ ಅಲ್ಲಿ ಹೊಡೆದರೆ ಆ ಕಂಪನ ಹುಟ್ಟುವುದೇ ಇಲ್ಲ. ಎಲ್ಲಿ ಹೊಡೆದರೆ ಯಾವ ನಾದ ಏಳುತ್ತದೆಂಬುದು ಡೊಳ್ಳು ಬಾರಿಸುವವನ ಕೈಗೂ ಗೊತ್ತು. 

ಸ್ಪೀಕರ್ ಉದ್ಯಮಕ್ಕೆ ಈ ವಿವೇಕ ತಡವಾಗಿ ಬಂತು. 1968ರಲ್ಲಿ ಇನ್ಫಿನಿಟಿ ಕಂಪನಿಯ ಸರ್ವೋ-ಸ್ಟ್ಯಾಟಿಕ್ ವ್ಯವಸ್ಥೆ 18 ಇಂಚಿನ ಪ್ರತ್ಯೇಕ ವೂಫರನ್ನು ಮನೆಯೊಳಗೆ ತಂದಿತು. 1974ರ ‘ಅರ್ಥ್‌ಕ್ವೇಕ್’ ಚಿತ್ರ ಚಿತ್ರಮಂದಿರಗಳನ್ನೇ ನಡುಗಿಸಿತು. ಎಂಜಿನಿಯರ್‌ಗಳಾದ ಥೀಲೆ ಮತ್ತು ಸ್ಮಾಲ್ ಪೆಟ್ಟಿಗೆಯ ಗಾತ್ರಕ್ಕೆ ಗಣಿತ ಕೊಟ್ಟರು. ಪೆಟ್ಟಿಗೆ ಸುಧಾರಿಸುತ್ತ ಹೋಯಿತು, ಕೋಣೆ ಇದ್ದಲ್ಲೇ ಇತ್ತು. ಒಂದೇ ಒಂದನ್ನು ಮೂಲೆಗೆ ತಳ್ಳುವುದು ರೂಢಿಯಾಯಿತು. ಮೂಲೆಯಲ್ಲಿ ಎಲ್ಲ ಮಿಡಿತಗಳ ಒತ್ತಡವೂ ಗರಿಷ್ಠವಾದ್ದರಿಂದ ಅಲ್ಲಿಟ್ಟ ಪೆಟ್ಟಿಗೆ ಪ್ರತಿಯೊಂದನ್ನೂ ಕೆಣಕುತ್ತದೆ.

ತಿರುವು ಬಂದದ್ದು 2002ರಲ್ಲಿ. ಹರ್ಮನ್ ಸಂಸ್ಥೆಯ ಟಾಡ್ ವೆಲ್ಟಿ, ಎಷ್ಟು ಸಬ್‌ವೂಫರ್ ಸಾಕು ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದರು. ಆಯತಾಕಾರದ ಕೋಣೆಯಲ್ಲಿ ನಾಲ್ಕು ಗೋಡೆಗಳ ನಡುಬಿಂದುಗಳಲ್ಲಿ ಒಂದೊಂದು ಇಟ್ಟರೆ ಎಲ್ಲ ಆಸನಗಳಿಗೂ ಹೆಚ್ಚುಕಡಿಮೆ ಒಂದೇ ಮಂದ್ರ ಸಿಗುತ್ತದೆ. ಎದುರುಬದುರು ಗೋಡೆಗಳ ನಡುವಿನ ಎರಡು ಅದಕ್ಕೆ ಸಮೀಪ ಬರುತ್ತವೆ. ನಾಲ್ಕನ್ನು ಮೀರಿದರೆ ಹೇಳಿಕೊಳ್ಳುವ ಲಾಭವಿಲ್ಲ. ಕಾರಣ ಸರಳ. ಉದ್ದದ ಮೊದಲ ಮಿಡಿತದಲ್ಲಿ ಎರಡು ತುದಿಗಳ ಒತ್ತಡ ಪರಸ್ಪರ ವಿರುದ್ಧ. ಎರಡೂ ತುದಿಯಿಂದ ಒಟ್ಟಿಗೇ ನೂಕಿದರೆ ಒಂದರ ಪ್ರೇರಣೆಯನ್ನು ಇನ್ನೊಂದು ಅಳಿಸುತ್ತದೆ. ಅಗಲದ ಮೊದಲ ಮಿಡಿತಕ್ಕೆ ಆ ನಡುಬಿಂದುಗಳು ಶೂನ್ಯರೇಖೆಯ ಮೇಲಿವೆ, ಹಾಗಾಗಿ ಅದೂ ಏಳದು. ನಾಲ್ಕಿದ್ದರೆ ಎರಡನೆಯ ಮಿಡಿತಗಳೂ ಹೀಗೆಯೇ ಅಡಗುತ್ತವೆ. 2006ರಲ್ಲಿ ವೆಲ್ಟಿ ಮತ್ತು ಅಲನ್ ಡೆವಾಂಟಿಯರ್ ಪ್ರತಿ ಪೆಟ್ಟಿಗೆಯ ಮಟ್ಟ, ವಿಳಂಬಗಳನ್ನು ಹೊಂದಿಸುವ ವಿಧಾನವನ್ನೂ ಸೇರಿಸಿದರು. ಅಡ್ಡಾದಿಡ್ಡಿ ಕೋಣೆಗಳಿಗೆ ಅದೇ ದಾರಿ.

ಈ ಸಂಶೋಧನೆ ಕುರ್ಚಿಯಲ್ಲಿ ಕೂರುವವರದು, ಅಮೆರಿಕದ ಮರದ ಚೌಕಟ್ಟಿನ ಮನೆಗಳದು. ಅಲ್ಲಿನ ತೆಳು ಗೋಡೆಗಳು ಮಂದ್ರವನ್ನು ಒಂದಿಷ್ಟು ನುಂಗುತ್ತವೆ, ಹೊರಗೂ ಬಿಡುತ್ತವೆ. ಮಂಗಸೂಳಿ, ಉಗಾರ, ಅಥಣಿಗಳಲ್ಲಿ ಈಗ ಏಳುತ್ತಿರುವ ಇಟ್ಟಿಗೆ ಗೋಡೆ, ಆರ್‌ಸಿಸಿ ಚಾವಣಿಯ ಕೋಣೆ ಅಷ್ಟು ಉದಾರಿಯಲ್ಲ. ಮಿಡಿತ ಇಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಇನ್ನೊಂದು ವ್ಯತ್ಯಾಸ ನೆಲದ ಮೇಲೆ ಕೂರುವ ಬೈಠಕ್ಕಿನದು. ನೆಲದ ಮೇಲಿಟ್ಟ ಪೆಟ್ಟಿಗೆಗಳು ಎಷ್ಟೇ ಇದ್ದರೂ ಎತ್ತರದ ಮಿಡಿತವನ್ನು ಅಳಿಸಲಾರವು. 10 ಅಡಿ ಎತ್ತರದ ಕೋಣೆಯಲ್ಲಿ ಅದರ ಶೂನ್ಯ 5 ಅಡಿಗೆ. ಕುರ್ಚಿಯಲ್ಲಿ ಕೂತವನ ಕಿವಿ 4 ಅಡಿಯ ಹತ್ತಿರವಿದ್ದು ಬಹುಪಾಲು ಪಾರಾಗುತ್ತದೆ. ಜಮಖಾನದ ಮೇಲೆ ಕೂತವನ ಕಿವಿ ಎರಡೂವರೆ ಅಡಿಯಲ್ಲಿರುತ್ತದೆ. ಅವನಿಗೆ 56 ಹರ್ಟ್ಝ್‌ನ ಒತ್ತಡ ಲೆಕ್ಕದ ಪ್ರಕಾರ ಎರಡು ಪಟ್ಟಿಗೂ ಹೆಚ್ಚು. ಈಕ್ವಲೈಸರ್‌ನಲ್ಲಿ ಆ ಒಂದು ಆವೃತ್ತಿಯನ್ನು ಇಳಿಸುವುದೇ ಪರಿಹಾರ.

ಆದ್ದರಿಂದ ಇಲ್ಲಿನ ಮನೆಗೆ ಒಂದು ದೊಡ್ಡ ಸಬ್‌ವೂಫರ್‌ಗಿಂತ ಒಂದೇ ಮಾದರಿಯ ಎರಡು ಚಿಕ್ಕವು ಮೇಲು. ಅವನ್ನು ನಮ್ಮ ಲೆಕ್ಕದ ಕೋಣೆಯಲ್ಲಿ 12 ಅಡಿಯ ಎರಡು ಗೋಡೆಗಳ ನಡುಮಧ್ಯ ಇಟ್ಟು, 80 ಹರ್ಟ್ಝ್‌ನ ಆಸುಪಾಸಿನಿಂದ ಮೇಲಿನದನ್ನು ಮುಖ್ಯ ಸ್ಪೀಕರ್‌ಗಳಿಗೆ ಬಿಡಬೇಕು. ಬಾಗಿಲು ಅಡ್ಡ ಬಂದರೆ ಉದ್ದದ ಗೋಡೆಗಳ ನಡುಬಿಂದುಗಳಾದರೂ ಆದೀತು. ಬೇಕೆಂದರೆ ನಾಲ್ಕರವರೆಗೆ ಹೋಗಬಹುದು, ಐದನೆಯ ಪೆಟ್ಟಿಗೆಗೆ ಶಾಸ್ತ್ರದಲ್ಲಿ ಆಧಾರವಿಲ್ಲ.