ಫ್ಯಾನ್ ಫಿಕ್ಷನ್‌ಗೆ ವಿಮರ್ಶೆ ಬರೆಯುವುದು ಹೇಗೆ? ಕಥೆ ಓದುವ ಕ್ರಮದಿಂದ ಕಾನೂನಿನವರೆಗೆ ಇಲ್ಲಿದೆ ಮಾಹಿತಿ

ಮುಂಬೈ: ಅನಿಮೇಷನ್ ಸರಣಿಯ ಕೊನೆಯ ಎಪಿಸೋಡ್ ಮುಗಿದಿದೆ. ಆದರೆ ನೋಡಿದವರ ತಲೆಯಲ್ಲಿ ಕಥೆ ಇನ್ನೂ ಓಡುತ್ತಿದೆ. ಕಾಲೇಜು ಮುಗಿಸಿ ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡೇ ಮನೆಗೆ ಹೋಗುವ ಹುಡುಗಿಯೊಬ್ಬಳು ಮುಂದಿನ ಭಾಗವನ್ನು ತಾನೇ ಫೋನಿನಲ್ಲಿ ಬರೆದು, ಹೆದರುತ್ತಲೇ ಆನ್‌ಲೈನ್‌ಗೆ ಹಾಕುತ್ತಾಳೆ ಎಂದುಕೊಳ್ಳಿ. ಮೊದಲ ಪ್ರತಿಕ್ರಿಯೆ 'ಏನಿದು ಕಸ?' ಎಂದಿದ್ದರೆ ಎರಡನೇ ಅಧ್ಯಾಯ ಬಹುಶಃ ಬರುವುದೇ ಇಲ್ಲ. ಬರೀ 'ಸೂಪರ್' ಎಂದಿದ್ದರೆ ಖುಷಿಯಾಗುತ್ತದೆ, ಆದರೆ ಬರವಣಿಗೆ ಇದ್ದಲ್ಲೇ ಇರುತ್ತದೆ. ಇವೆರಡರ ನಡುವೆ ಇರುವುದೇ ವಿಮರ್ಶೆ.

ಹಾಗಾದರೆ ಫ್ಯಾನ್ ಫಿಕ್ಷನ್ ಎಂದರೇನು? ಅದನ್ನು ವಿಮರ್ಶಿಸುವಾಗ ಏನು ನೋಡಬೇಕು? ಕಾನೂನು ಏನು ಹೇಳುತ್ತದೆ? ಒಂದೊಂದಾಗಿ ನೋಡೋಣ.

ಏನಿದು ಫ್ಯಾನ್ ಫಿಕ್ಷನ್?

ಈಗಾಗಲೇ ಇರುವ ಸರಣಿ, ಸಿನಿಮಾ ಅಥವಾ ಪುಸ್ತಕದ ಪಾತ್ರ ಮತ್ತು ಲೋಕವನ್ನು ಬಳಸಿಕೊಂಡು ಅಭಿಮಾನಿಗಳು ಬರೆಯುವ ಹೊಸ ಕಥೆಯೇ ಫ್ಯಾನ್ ಫಿಕ್ಷನ್. ಸಾಮಾನ್ಯವಾಗಿ ಇದಕ್ಕೆ ಸಂಭಾವನೆ ಇರುವುದಿಲ್ಲ.

ಮೂಲ ಕಥೆ ಎಲ್ಲಿ ಖಾಲಿ ಜಾಗ ಬಿಡುತ್ತದೋ ಅಲ್ಲಿ ಇಂಥ ಕಥೆಗಳು ಹುಟ್ಟುತ್ತವೆ. 2005ರಿಂದ 2008ರವರೆಗೆ 61 ಎಪಿಸೋಡ್‌ಗಳಲ್ಲಿ ಪ್ರಸಾರವಾದ 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' ಇದಕ್ಕೆ ಒಳ್ಳೆಯ ಉದಾಹರಣೆ. ಕೊನೆಯ ಎಪಿಸೋಡ್‌ನಲ್ಲಿ ರಾಜಕುಮಾರ ಜುಕೊ ಜೈಲಿನಲ್ಲಿರುವ ತಂದೆಯನ್ನು 'ನನ್ನ ತಾಯಿ ಎಲ್ಲಿ?' ಎಂದು ಕೇಳುತ್ತಾನೆ. ಸರಣಿ ಉತ್ತರ ಕೊಡುವುದಿಲ್ಲ. ಅಧಿಕೃತ ಉತ್ತರ ಬಂದದ್ದು 2013ರ ಕಾಮಿಕ್ಸ್‌ನಲ್ಲಿ. ನಡುವಿನ ಆ ವರ್ಷಗಳಲ್ಲಿ ಅಭಿಮಾನಿಗಳು ತಮ್ಮದೇ ಉತ್ತರಗಳನ್ನು ಬರೆದುಕೊಂಡರು.

ಅಭಿಮಾನಿ ಕಥೆಗಳ ದೊಡ್ಡ ತಾಣಗಳಲ್ಲಿ ಒಂದಾದ 'ಆರ್ಕೈವ್ ಆಫ್ ಅವರ್ ಓನ್' ಅನ್ನು ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ನಡೆಸುತ್ತದೆ. 2019ರಲ್ಲಿ ಈ ತಾಣಕ್ಕೆ ಪ್ರತಿಷ್ಠಿತ ಹ್ಯೂಗೊ ಪ್ರಶಸ್ತಿ ಬಂತು. ಬೆಂಗಳೂರು ಮೂಲದ ಪ್ರತಿಲಿಪಿಯಲ್ಲಿ ಓದುಗರು ಕನ್ನಡ ಕಥೆಗಳಿಗೆ ವಿಮರ್ಶೆ ಬರೆಯಬಹುದು.

ಮುಂಬೈಗೂ ಇದಕ್ಕೂ ಏನು ಸಂಬಂಧ?

ಮುಂಬೈಗೆ ಅನಿಮೇಷನ್ ಹೊಸದಲ್ಲ. ಫಿಲ್ಮ್ಸ್ ಡಿವಿಷನ್‌ನ ಕಾರ್ಟೂನ್ ಘಟಕದಲ್ಲಿ ಕೆಲಸ ಕಲಿತ ರಾಮ್ ಮೋಹನ್, ಜಪಾನ್‌ನ ಯುಗೊ ಸಾಕೊ ಜತೆ ಸೇರಿ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ಚಿತ್ರ ಮಾಡಿದ್ದರು. ಅದು 2025ರ ಜನವರಿಯಲ್ಲಿ ಮತ್ತೆ ಚಿತ್ರಮಂದಿರಗಳಿಗೆ ಬಂತು. 2023ರ ಏಪ್ರಿಲ್‌ನಲ್ಲಿ 'ಸುಜುಮೆ' ಬಿಡುಗಡೆ ವೇಳೆ ನಿರ್ದೇಶಕ ಮಕೊಟೊ ಶಿಂಕಾಯ್ ಮುಂಬೈಗೇ ಬಂದಿದ್ದರು. 2025ರ ಸೆಪ್ಟೆಂಬರ್ 12ರಂದು 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ತೆರೆಕಂಡಾಗ ಜಪಾನೀಸ್ ಜತೆಗೆ ಹಿಂದಿ, ಇಂಗ್ಲಿಷ್, ತಮಿಳು, ತೆಲುಗು ಆವೃತ್ತಿಗಳಿದ್ದವು. ಕನ್ನಡ ಇರಲಿಲ್ಲ. ಹೀಗಿರುವಾಗ ಈ ಪಾತ್ರಗಳು ಕನ್ನಡ ಮಾತನಾಡಬೇಕೆಂದರೆ ಅಭಿಮಾನಿಯೇ ಬರೆಯಬೇಕು.

ನಮಗೆ ಇದು ಹೊಸತೇ?

ಹೆಸರು ಹೊಸತು, ಕೆಲಸ ಹಳೆಯದು. 10ನೇ ಶತಮಾನದ ಪಂಪ 'ವಿಕ್ರಮಾರ್ಜುನ ವಿಜಯ'ದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿದ ಕಾವ್ಯಕ್ಕೆ ಆ ಬದಲಾವಣೆ ಬೇಕಿತ್ತು.

ಇಂಥ ಬದಲಾವಣೆ ಬಗ್ಗೆ ಕನ್ನಡದಲ್ಲಿ ದೊಡ್ಡ ಚರ್ಚೆಯೂ ನಡೆದಿದೆ. 1944ರಲ್ಲಿ ಕುವೆಂಪು ಅವರ 'ಶೂದ್ರ ತಪಸ್ವಿ' ನಾಟಕ ಪ್ರಕಟವಾಯಿತು. ಇದರಲ್ಲಿ ಶಂಬೂಕ ಸಾಯುವುದಿಲ್ಲ. ರಾಮ ಬಿಟ್ಟ ಬ್ರಹ್ಮಾಸ್ತ್ರ ತಪಸ್ವಿಯನ್ನು ಕೊಲ್ಲದೆ, ಅವನ ಸಾವು ಬಯಸಿದ ಬ್ರಾಹ್ಮಣನನ್ನೇ ಬೆನ್ನಟ್ಟುತ್ತದೆ. ಹಳೆಯ ಕಥೆಯನ್ನು ಹೀಗೆ ಬದಲಿಸುವುದನ್ನು ಮಾಸ್ತಿ ವೆಂಕಟೇಶ ಅಯ್ಯಂಗಾರ್ ತಮ್ಮ ವಿಮರ್ಶೆಯಲ್ಲಿ ಆಕ್ಷೇಪಿಸಿದರು, ಕುವೆಂಪು ಉತ್ತರ ಕೊಟ್ಟರು.

'ಮೂಲವನ್ನು ಬದಲಿಸಬಹುದೇ? ಬದಲಿಸಿದ್ದಕ್ಕೆ ಕಾರಣ ಇದೆಯೇ?' ಇಂದು ಅಭಿಮಾನಿ ಕಥೆ ಓದುವವರು ಕೇಳುವುದೂ ಇದೇ ಪ್ರಶ್ನೆ. ಪಂಪ, ಕುವೆಂಪು ಅವರ ಕೃತಿಗಳನ್ನು ಫೋನಿನಲ್ಲಿ ಬರೆದ ಕಥೆಗೆ ಹೋಲಿಸುವುದು ಇಲ್ಲಿನ ಉದ್ದೇಶವಲ್ಲ. ಆದರೆ ಮೂಲಕ್ಕಿಂತ ಬೇರೆಯಾಗಿದೆ ಎಂಬ ಒಂದೇ ಕಾರಣಕ್ಕೆ ಕಥೆಯನ್ನು ತಳ್ಳಿಹಾಕಲು ಬರುವುದಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ.

ಗೊತ್ತಿರಬೇಕಾದ ಪದಗಳು

ಕ್ಯಾನನ್: ಮೂಲ ಸರಣಿಯಲ್ಲಿ ಅಧಿಕೃತವಾಗಿ ನಡೆದಿರುವುದು.
ಎಯು: ಪಾತ್ರಗಳು ಅವೇ, ಲೋಕ ಅಥವಾ ಘಟನೆ ಬೇರೆ.
ಓಓಸಿ: ಪಾತ್ರ ತನ್ನ ಸ್ವಭಾವಕ್ಕೆ ಒಗ್ಗದಂತೆ ನಡೆದುಕೊಳ್ಳುವುದು.
ಓಸಿ: ಅಭಿಮಾನಿಯೇ ಸೃಷ್ಟಿಸಿದ ಹೊಸ ಪಾತ್ರ.
ಮೇರಿ ಸ್ಯೂ: ಯಾವ ಕೊರತೆಯೂ ಇಲ್ಲದ, ಎಲ್ಲರೂ ಮೆಚ್ಚುವ ಪಾತ್ರ. 1973ರ 'ಸ್ಟಾರ್ ಟ್ರೆಕ್' ಅಣಕು ಕಥೆಯಿಂದ ಬಂದ ಹೆಸರು.
ಶಿಪ್: ಇಬ್ಬರು ಜೋಡಿಯಾಗಬೇಕು ಎಂದು ಅಭಿಮಾನಿಗಳು ಬಯಸುವುದು.
ಬೀಟಾ ರೀಡರ್: ಪ್ರಕಟಣೆಗೆ ಮೊದಲೇ ಓದಿ ತಿದ್ದುವ ಗೆಳೆಯ ಅಥವಾ ಗೆಳತಿ.

ವಿಮರ್ಶೆ ಬರೆಯುವ ಮುನ್ನ

ಮೊದಲು ಲೇಖಕರ ಟಿಪ್ಪಣಿ, ಟ್ಯಾಗ್ ಮತ್ತು ವಯೋಮಿತಿಯ ರೇಟಿಂಗ್ ಓದಿ. 'ಎಯು' ಎಂದು ಮೊದಲೇ ಬರೆದಿರುವ ಕಥೆಗೆ 'ಮೂಲದಲ್ಲಿ ಹೀಗಿಲ್ಲವಲ್ಲ' ಎಂದು ತಕರಾರು ತೆಗೆಯುವುದರಲ್ಲಿ ಅರ್ಥವಿಲ್ಲ. ಲೇಖಕರು ಸಲಹೆ ಕೇಳಿದ್ದಾರೆಯೇ ಎಂಬುದನ್ನೂ ಗಮನಿಸಿ. 'ಖುಷಿಗಾಗಿ ಬರೆದದ್ದು, ತಿದ್ದುಪಡಿ ಬೇಡ' ಎಂದಿದ್ದರೆ ಮೆಚ್ಚಿದ್ದನ್ನು ಹೇಳಿ, ಉಳಿದದ್ದನ್ನು ಬಿಡಿ. ನೀವು ಮೂಲ ಸರಣಿಯನ್ನು ಎಲ್ಲಿಯವರೆಗೆ ನೋಡಿದ್ದೀರಿ ಎಂಬುದನ್ನು ವಿಮರ್ಶೆಯಲ್ಲಿ ಹೇಳಿದರೆ ಒಳ್ಳೆಯದು.

ಏನೇನು ನೋಡಬೇಕು?

ಒಂದು ಕಲ್ಪಿತ ಕಥೆಯನ್ನೇ ಇಟ್ಟುಕೊಂಡು ನೋಡೋಣ. 'ಅವತಾರ್'ನ ಜುಕೊ ಮತ್ತು ಅವನ ದೊಡ್ಡಪ್ಪ ಐರೊ ಮುಂಬೈನ ಮಾತುಂಗಾಕ್ಕೆ ಬಂದು ಉಡುಪಿ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರುತ್ತಾರೆ. ಇದು ಎಯು ಕಥೆ.

1. ಪಾತ್ರ: ಮೂಲದಲ್ಲೂ ಇವರಿಬ್ಬರು ನಿರಾಶ್ರಿತರಾಗಿ ಬಾ ಸಿಂಗ್ ಸೆ ನಗರದ ಚಹಾ ಅಂಗಡಿಯಲ್ಲಿ ದುಡಿಯುತ್ತಾರೆ. ಹಾಗಾಗಿ ಹೋಟೆಲ್ ಕೆಲಸ ಅವರಿಗೆ ಒಗ್ಗುತ್ತದೆ. ಆದರೆ ಜುಕೊ ಮೊದಲ ಪುಟದಲ್ಲೇ ನಗುನಗುತ್ತಾ ಟೇಬಲ್ ಒರೆಸಿದರೆ ನಂಬುವುದು ಕಷ್ಟ. ಅವನ ಸಿಟ್ಟು ಕರಗಿ ದೊಡ್ಡಪ್ಪನ ಕ್ಷಮೆ ಕೇಳಲು ಮೂಲ ಸರಣಿಗೆ ಮೂರನೇ ಸೀಸನ್‌ವರೆಗೂ ಬೇಕಾಯಿತು. ಐರೊ ಬರೀ ತಮಾಷೆಯ ಮುದುಕನಾದರೂ ಕಥೆ ಸೊರಗುತ್ತದೆ. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ನೋವು ಅವನ ನಗುವಿನ ಹಿಂದಿದೆ.

ಮಳೆಗಾಲದಲ್ಲಿ ಮುಂಬೈಗೆ ಬರುವ ಯಕ್ಷಗಾನ ತಂಡಗಳ ಆಟ, ತಾಳಮದ್ದಳೆ ನೋಡುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅರ್ಥಧಾರಿ ಕರ್ಣನ ಬಾಯಲ್ಲಿ ಹೊಸ ಮಾತು ಆಡಿಸಬಹುದು. ಆದರೆ ಅದು ಕರ್ಣ ಆಡಬಹುದಾದ ಮಾತೇ ಆಗಿರಬೇಕು.

2. ಲೋಕದ ನಿಯಮ: ಫ್ಯಾಂಟಸಿಯಲ್ಲಿ ಏನು ಬೇಕಾದರೂ ನಡೆಯುತ್ತದೆ ಎಂಬುದು ತಪ್ಪು ಕಲ್ಪನೆ. 'ಅವತಾರ್'ನಲ್ಲಿ ಸೂರ್ಯಗ್ರಹಣವಾದರೆ ಬೆಂಕಿ ಪಳಗಿಸುವವರ ಶಕ್ತಿ ಹೋಗುತ್ತದೆ, ಹುಣ್ಣಿಮೆಯಲ್ಲಿ ನೀರು ಪಳಗಿಸುವವರ ಬಲ ಹೆಚ್ಚುತ್ತದೆ. ಕಥೆಯಲ್ಲಿ ಗ್ರಹಣದ ಹೊತ್ತಿಗೇ ಜುಕೊ ಕೈಯಿಂದ ಬೆಂಕಿ ಹೊಮ್ಮಿದರೆ ಅದಕ್ಕೆ ಕಾರಣ ಬೇಕು. ಹೊಸ ನಿಯಮ ಮಾಡಿಕೊಂಡಿದ್ದರೆ ಅದನ್ನು ಕೊನೆಯವರೆಗೂ ಪಾಲಿಸಿದ್ದಾರೆಯೇ ನೋಡಿ.

3. ಬದಲಾವಣೆಯ ಕಾರಣ: ಮಾತುಂಗಾ ಬರೀ ಬೋರ್ಡಿನ ಹೆಸರೇ, ಅಥವಾ ಕಥೆಗೆ ಬೇಕಿತ್ತೇ? ಊರು ಬಿಟ್ಟು ಬಂದು ಹೋಟೆಲಿನಲ್ಲಿ ಮಾಣಿಯಾಗಿ ದುಡಿದ ಕರಾವಳಿಯ ಹುಡುಗರ ಅನುಭವ ಜುಕೊನ ದೇಶಭ್ರಷ್ಟ ಬದುಕಿಗೆ ತಾಗಿದರೆ ಕಥೆ ಗೆದ್ದಂತೆ.

4. ವಿವರ: ಉಡುಪಿ ಹೋಟೆಲಿನಲ್ಲಿ ಬರೀ ಚಹಾ ಇದ್ದು ಫಿಲ್ಟರ್ ಕಾಫಿಯ ಸುದ್ದಿಯೇ ಇಲ್ಲದಿದ್ದರೆ ಓದುಗರು ಅಲ್ಲೇ ನಿಲ್ಲುತ್ತಾರೆ. ಇಂಥ ಸಣ್ಣ ತಪ್ಪನ್ನು ತೋರಿಸಿಕೊಟ್ಟರೆ ಲೇಖಕರಿಗೆ ನಿಜವಾದ ಸಹಾಯ.

5. ಭಾಷೆ: ಐರೊ ಯಾವ ಕನ್ನಡ ಮಾತನಾಡಬೇಕು? ಪುಸ್ತಕದ ಕನ್ನಡವೋ, ಕುಂದಾಪುರದ ಕನ್ನಡವೋ, ತುಳು, ಮರಾಠಿ ಬೆರೆತ ಮುಂಬೈ ಕನ್ನಡವೋ? ಸಬ್‌ಟೈಟಲ್ ಓದಿದಂತಿರುವ ಸಂಭಾಷಣೆ ಕಂಡರೆ ಆ ಸಾಲನ್ನೇ ಎತ್ತಿ ತೋರಿಸಿ.

ಸ್ಪಾಯ್ಲರ್ ವಿಷಯದಲ್ಲಿ ಎರಡು ಎಚ್ಚರಿಕೆ ಬೇಕು. ಅಭಿಮಾನಿ ಕಥೆಯ ತಿರುವಿಗೊಂದು, ಮೂಲ ಸರಣಿಯ ತಿರುವಿಗೊಂದು. ವಿಮರ್ಶೆ ಓದುವವರು ಸರಣಿಯನ್ನೇ ನೋಡಿ ಮುಗಿಸಿರದಿರಬಹುದು.

ಹೇಗೆ ಹೇಳಬೇಕು?

'ಪಾತ್ರ ಸರಿಯಿಲ್ಲ, ಬೋರ್' ಎಂದರೆ ಲೇಖಕರಿಗೆ ಏನೂ ತಿಳಿಯುವುದಿಲ್ಲ. ಅದೇ ಮಾತನ್ನು ಹೀಗೆ ಹೇಳಬಹುದು: 'ಗಲ್ಲಾ ಮುಂದೆ ಐರೊ ಸುಮ್ಮನೆ ನಿಲ್ಲುವ ದೃಶ್ಯ ಇಷ್ಟವಾಯಿತು. ಆದರೆ ಜುಕೊ ಎರಡನೇ ಪುಟದಲ್ಲೇ ಕ್ಷಮೆ ಕೇಳಿದ್ದು ಬೇಗ ಅನಿಸಿತು. ಅದಕ್ಕೂ ಮೊದಲು ಇಬ್ಬರ ನಡುವೆ ಒಂದು ಜಗಳ ಬೇಕಿತ್ತೇನೋ'. ಇಲ್ಲಿ ಮೆಚ್ಚುಗೆಗೆ ದೃಶ್ಯವಿದೆ, ಆಕ್ಷೇಪಕ್ಕೆ ಜಾಗವಿದೆ, ಮುಂದಕ್ಕೆ ದಾರಿಯಿದೆ.

ನಿಮಗೆ ಇಷ್ಟವಿಲ್ಲದ ಜೋಡಿಯನ್ನು ಬರೆದಿದ್ದಾರೆ ಎಂಬ ಕಾರಣಕ್ಕೆ ಕಡಿಮೆ ಸ್ಟಾರ್ ಕೊಡುವುದು ವಿಮರ್ಶೆಯಲ್ಲ. ಎಐ ಬಳಸಿ ಬರೆದಿದ್ದಾರೆ, ಕದ್ದಿದ್ದಾರೆ ಎಂದು ಆಧಾರವಿಲ್ಲದೆ ಎಲ್ಲರೆದುರು ಹೇಳಬೇಡಿ. ಬೇರೆಯವರ ಕಥೆಯ ನಕಲು ಕಣ್ಣಿಗೆ ಬಿದ್ದರೆ ಎರಡೂ ಕಥೆಗಳ ವಿವರದೊಂದಿಗೆ ತಾಣದ ನಿರ್ವಾಹಕರಿಗೆ ತಿಳಿಸಿ.

ವಿಮರ್ಶೆಯಿಂದ ಬರವಣಿಗೆ ಸುಧಾರಿಸುತ್ತದೆಯೇ?

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಿಸಿಲಿಯಾ ಅರಗಾನ್ ಮತ್ತು ಕೇಟಿ ಡೇವಿಸ್ ಈ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅವರು ಹತ್ತಿರದಿಂದ ಗಮನಿಸಿದ ಮೂರು ಅಭಿಮಾನಿ ಬಳಗಗಳಲ್ಲಿ 'ಮೈ ಲಿಟ್ಲ್ ಪೋನಿ' ಅನಿಮೇಷನ್ ಸರಣಿಯದ್ದೂ ಒಂದು. ಒಂದೇ ತಾಣದ 17 ಕೋಟಿಗೂ ಹೆಚ್ಚು ವಿಮರ್ಶೆಗಳ ದತ್ತಾಂಶವನ್ನು ಅವರ ತಂಡ ಸಂಗ್ರಹಿಸಿತ್ತು. ಲೇಖಕರಿಗೆ ಸಿಗುವ ಸುಮಾರು 650 ವಿಮರ್ಶೆಗಳು, ಪದಸಂಪತ್ತಿನ ವೈವಿಧ್ಯದ ದೃಷ್ಟಿಯಿಂದ ಒಂದು ವರ್ಷ ವಯಸ್ಸು ಹೆಚ್ಚಾದಾಗ ಕಾಣುವಷ್ಟು ಬೆಳವಣಿಗೆಗೆ ಸಮ ಎಂದು ತಂಡ ಕಂಡುಕೊಂಡಿತು. ಒಬ್ಬ ದೊಡ್ಡ ಗುರು ಇಲ್ಲದಿದ್ದರೂ ನೂರಾರು ಅಪರಿಚಿತರ ಚಿಕ್ಕ ಚಿಕ್ಕ ಮಾತು ಸೇರಿ ಕಲಿಸುತ್ತದೆ ಎಂಬುದು ಅವರ ವಾದ. 2019ರಲ್ಲಿ ಇದು ಪುಸ್ತಕವಾಗಿಯೂ ಬಂದಿದೆ.

ಕಾನೂನು ಏನು ಹೇಳುತ್ತದೆ?

ವಿಮರ್ಶಕರಿಗೆ: 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52 ವಿಮರ್ಶೆಗಾಗಿ ಕೃತಿಯ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ. ನಾಲ್ಕು ಸಾಲು ಉದ್ಧರಿಸಿ ಚರ್ಚಿಸುವುದು ಬೇರೆ, ಇಡೀ ಅಧ್ಯಾಯವನ್ನು ಕಾಪಿ ಮಾಡಿ ಹಾಕುವುದು ಬೇರೆ.

ಕಥೆ ಬರೆಯುವವರಿಗೆ: ಇವರ ಸ್ಥಿತಿ ಅಷ್ಟು ಸ್ಪಷ್ಟವಿಲ್ಲ. 'ದಬಂಗ್' ಚಿತ್ರದ ಚುಲ್‌ಬುಲ್ ಪಾಂಡೆ ಪಾತ್ರವನ್ನು 'ಸರ್ದಾರ್ ಗಬ್ಬರ್ ಸಿಂಗ್' ನಕಲು ಮಾಡಿದೆ ಎಂಬ ಪ್ರಕರಣದಲ್ಲಿ, ವಿಶಿಷ್ಟ ಪಾತ್ರಕ್ಕೆ ರಕ್ಷಣೆ ಸಿಗಬಹುದು ಎಂಬ ತತ್ವವನ್ನು ಬಾಂಬೆ ಹೈಕೋರ್ಟ್ 2016ರಲ್ಲಿ ಒಪ್ಪಿತು. ಆದರೆ ಚಿತ್ರದ ಬಿಡುಗಡೆಗೆ ತಡೆ ಕೊಡಲಿಲ್ಲ. ಮತ್ತೊಂದೆಡೆ ತೋಪ್ಪಿಲ್ ಭಾಸಿ ಅವರ ಪ್ರಸಿದ್ಧ ಮಲಯಾಳಂ ನಾಟಕಕ್ಕೆ ಸಿವಿಕ್ ಚಂದ್ರನ್ ಪ್ರತಿನಾಟಕ ಬರೆದಾಗ, ಅದರ ಉದ್ದೇಶ ವಿಮರ್ಶೆ ಎಂಬುದನ್ನು ಕೇರಳ ಹೈಕೋರ್ಟ್ 1996ರಲ್ಲಿ ಪರಿಗಣಿಸಿತು. ಅಭಿಮಾನಿ ಕಥೆಯನ್ನು ಮಾರಾಟ ಮಾಡಲು ಹೊರಟರೆ ಅಪಾಯ ಹೆಚ್ಚು.

ಮಾನನಷ್ಟ: ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356, ಜನರ ತೀರ್ಪಿಗೆ ಇಟ್ಟ ಕೃತಿಯ ಗುಣದೋಷದ ಬಗ್ಗೆ ಪ್ರಾಮಾಣಿಕ ಅಭಿಪ್ರಾಯ ಹೇಳುವುದನ್ನು ಮಾನನಷ್ಟದಿಂದ ಹೊರಗಿಡುತ್ತದೆ. 1860ರ ಐಪಿಸಿಯಿಂದಲೇ ಬಂದ ವಿನಾಯಿತಿ ಇದು. ಪುಸ್ತಕ ಓದಿ, ಪುಸ್ತಕದಲ್ಲಿ ಕಂಡದ್ದರ ಮೇಲೆ ಅಭಿಪ್ರಾಯ ಹೇಳಿದರೆ ರಕ್ಷಣೆ ಇದೆ. ಬರೆದವರೇ ಕೆಟ್ಟವರು, ಆದ್ದರಿಂದ ಪುಸ್ತಕವೂ ಕೆಟ್ಟದು ಎಂದರೆ ಇಲ್ಲ.

ಮಕ್ಕಳ ಸುರಕ್ಷತೆ: ಇಂಥ ಸರಣಿಗಳ ನಾಯಕರು ಬಹುತೇಕ ಮಕ್ಕಳೇ. 'ಅವತಾರ್'ನ ಆಂಗ್‌ಗೆ ಕೇವಲ 12 ವರ್ಷ. ಮಕ್ಕಳನ್ನು ಅಶ್ಲೀಲವಾಗಿ ಚಿತ್ರಿಸುವ ವಿಷಯದಲ್ಲಿ ಐಟಿ ಕಾಯ್ದೆಯ ಸೆಕ್ಷನ್ 67ಬಿ ಬರಹವನ್ನೂ ಹೆಸರಿಸುತ್ತದೆ. ಅಂಥದ್ದು ಕಂಡರೆ ವಿಮರ್ಶೆ ಬರೆಯುತ್ತಾ ಕೂರಬೇಡಿ, ಯಾರಿಗೂ ಹಂಚಬೇಡಿ, ರಿಪೋರ್ಟ್ ಮಾಡಿ.

ಕೊನೆಯದಾಗಿ

ಹಣ ಸಿಗದ, ಪ್ರಶಸ್ತಿ ಬರದ ಈ ಬರವಣಿಗೆಗೆ ಸಿಗುವ ಏಕೈಕ ಪ್ರತಿಫಲ ಓದುಗರ ಮಾತು. ಅದನ್ನು ಓದುವವರು 14-15 ವರ್ಷದವರೂ ಇರಬಹುದು, ಅದು ಅವರ ಮೊದಲ ಕಥೆಯೂ ಆಗಿರಬಹುದು. ತಪ್ಪನ್ನು ಮುಚ್ಚಿಡಬೇಕಾಗಿಲ್ಲ, ಎಲ್ಲಿದೆ ಎಂದು ತೋರಿಸಿದರೆ ಸಾಕು. ಕೊನೆಗೆ 'ಮುಂದಿನ ಅಧ್ಯಾಯ ಯಾವಾಗ?' ಎಂದು ಕೇಳಲು ಮರೆಯಬೇಡಿ.