ಜಾಫ್ನಾ ದ್ವೀಪಗಳಿಗೆ ಭಾರತದ ವಿದ್ಯುತ್ ನೆರವು: ಗುತ್ತಿಗೆ ಬೆಂಗಳೂರಿನ ಸಂಸ್ಥೆಗೆ

ಬೆಂಗಳೂರು: ಯುದ್ಧದಿಂದ ಜರ್ಜರಿತವಾದ ನಾಡಿಗೆ ಅಕ್ಕಿ, ಔಷಧ, ಹೊದಿಕೆ ಕಳುಹಿಸುವುದು ವಾಡಿಕೆ. ವಿದ್ಯುತ್ ಉಪಕರಣಗಳನ್ನೇ ಉಚಿತವಾಗಿ ಕೊಡುವುದು ಅಷ್ಟು ಪರಿಚಿತವಲ್ಲ. ಶ್ರೀಲಂಕಾದ ಉತ್ತರ ತುದಿಯಲ್ಲಿರುವ ನೆಡುಂತೀವು (ಡೆಲ್ಫ್ಟ್), ನೈನಾತೀವು ಮತ್ತು ಅನಲೈತೀವು ದ್ವೀಪಗಳಿಗೆ ಭಾರತ ಸರ್ಕಾರ ಒಪ್ಪಿಕೊಂಡ ನೆರವು ಇಂಥದ್ದು. ಇದರ ಗುತ್ತಿಗೆ ದೊರೆತದ್ದು ಬೆಂಗಳೂರು ಮೂಲದ ಯು-ಸೋಲಾರ್ ಕ್ಲೀನ್ ಎನರ್ಜಿ ಸಲ್ಯೂಷನ್ಸ್ ಸಂಸ್ಥೆಗೆ. ಶ್ರೀಲಂಕಾ ಸರ್ಕಾರ, ಅಲ್ಲಿನ ಸುಸ್ಥಿರ ಇಂಧನ ಪ್ರಾಧಿಕಾರ ಹಾಗೂ ಈ ಸಂಸ್ಥೆಯ ನಡುವೆ 2024ರ ಮಾರ್ಚ್ 1ರಂದು ಒಪ್ಪಂದಕ್ಕೆ ಸಹಿ ಬಿದ್ದಿತು. ಮೊತ್ತ 1.1 ಕೋಟಿ ಡಾಲರ್. ಇದು ಸಾಲವಲ್ಲ, ಅನುದಾನ.

1983ರಿಂದ 2009ರವರೆಗೆ ನಡೆದ ಅಂತರ್ಯುದ್ಧದಲ್ಲಿ ಜಾಫ್ನಾ ಪರ್ಯಾಯ ದ್ವೀಪ ವರ್ಷಗಟ್ಟಲೆ ರಾಷ್ಟ್ರೀಯ ವಿದ್ಯುತ್ ಜಾಲದಿಂದ ಕಡಿದುಹೋಗಿ, ಚುನ್ನಾಕಂನ ಡೀಸೆಲ್ ಯಂತ್ರಗಳನ್ನೇ ನೆಚ್ಚಿಕೊಂಡಿತ್ತು. ಯುದ್ಧ ಮುಗಿದ ಬಳಿಕ ಪರ್ಯಾಯ ದ್ವೀಪಕ್ಕೆ ಜಾಲ ಮರಳಿತಾದರೂ ಸಮುದ್ರದಾಚೆಯ ಈ ಮೂರು ದ್ವೀಪಗಳಿಗೆ ಡೀಸೆಲ್ಲೇ ಗತಿಯಾಗಿ ಉಳಿಯಿತು. ಇಂಧನ ಬರಬೇಕಾದರೆ ದೋಣಿ ಬರಬೇಕು.

ಯೋಜನೆಯಲ್ಲಿ 1,700 ಕಿಲೋವಾಟ್ ಸೌರ, 530 ಕಿಲೋವಾಟ್ ಪವನ ವಿದ್ಯುತ್, 2,400 ಯೂನಿಟ್ ಸಂಗ್ರಹಿಸಬಲ್ಲ ಬ್ಯಾಟರಿ ಹಾಗೂ 2,500 ಕಿಲೋವಾಟ್‌ನ ಡೀಸೆಲ್ ಜನರೇಟರುಗಳು ಸೇರಿವೆ. ಗಿರಿನಗರದ ಮನೆಯೊಂದರ ತಾರಸಿಯಲ್ಲಿ 3 ಕಿಲೋವಾಟ್‌ನ ಸೌರ ಘಟಕ ಕೂರಿಸಿದರೆ, ಅಂಥ ಸುಮಾರು 570 ಮನೆಗಳು ಸೇರಿ 1,700 ಕಿಲೋವಾಟ್ ಆಗುತ್ತದೆ. ಮನೆಯ ಯುಪಿಎಸ್‌ಗೆ ಜೋಡಿಸುವ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ ಹಿಡಿದಿಡುವುದು 1.8 ಯೂನಿಟ್ ಮಾತ್ರ. ಆ ಲೆಕ್ಕದಲ್ಲಿ ದ್ವೀಪಗಳಿಗೆ ಬೇಕಾದದ್ದು 1,300ಕ್ಕೂ ಹೆಚ್ಚು ಬ್ಯಾಟರಿಗಳಿಗೆ ಸಮನಾದ ಸಂಗ್ರಹ.

ಈ ಔದಾರ್ಯಕ್ಕೆ ಬೇರೊಂದು ಮುಖವೂ ಇದೆ. ಏಷ್ಯಾ ಅಭಿವೃದ್ಧಿ ಬ್ಯಾಂಕ್ ನೆರವಿನ ಇದೇ ಕಾಮಗಾರಿಯನ್ನು 2021ರ ಜನವರಿಯಲ್ಲಿ ಚೀನಾದ ಕಂಪನಿಗಳಿಗೆ ವಹಿಸಲಾಗಿತ್ತು. ತಮಿಳುನಾಡಿನ ಕರಾವಳಿಗೆ ಇಷ್ಟು ಸಮೀಪದಲ್ಲಿ ಚೀನೀಯರ ಇರವನ್ನು ಭಾರತ ಆಕ್ಷೇಪಿಸಿತು. 'ಮೂರನೆಯವರ' ಭದ್ರತಾ ಆತಂಕದ ಕಾರಣ ನೀಡಿ ಆ ವರ್ಷದ ಡಿಸೆಂಬರ್‌ನಲ್ಲಿ ಕೆಲಸ ಸ್ಥಗಿತಗೊಂಡಿರುವುದಾಗಿ ಚೀನಾ ರಾಯಭಾರ ಕಚೇರಿ ಪ್ರಕಟಿಸಿತು. 2022ರ ಮಾರ್ಚ್‌ನಲ್ಲಿ ಭಾರತ ಅನುದಾನದೊಂದಿಗೆ ಆ ಜಾಗಕ್ಕೆ ಬಂದಿತು. ರಾಜಕಾರಣ ಏನೇ ಇರಲಿ, ದ್ವೀಪವಾಸಿಗಳು ಕಾದದ್ದಂತೂ ಹೌದು.

ದಾನ ಕೊಡುವ ಮನಸ್ಸಿದ್ದರೂ ಎಲ್ಲ ಯಂತ್ರವೂ ಎಲ್ಲೆಡೆಗೆ ಹೊಂದುವುದಿಲ್ಲ. ಬೆಂಗಳೂರಿನ ಬಹುತೇಕ ಬಡಾವಣೆಗಳ ಉಪಕೇಂದ್ರಗಳಲ್ಲಿ 66 ಕಿಲೋವೋಲ್ಟ್ ವಿದ್ಯುತ್ತನ್ನು 11ಕ್ಕೆ ಇಳಿಸಲಾಗುತ್ತದೆ. ಜಾಫ್ನಾಗೆ ಬರುವ ಮಾರ್ಗ 132 ಕಿಲೋವೋಲ್ಟ್‌ನದು. ಇಲ್ಲಿನ ಹೆಚ್ಚುವರಿ ಪರಿವರ್ತಕವನ್ನು ಹಡಗಿಗೆ ಹೇರಿದರೂ ಅಲ್ಲಿ ಜೋಡಿಸಲಾಗದು. ಮನೆಬಳಕೆಯ 230 ವೋಲ್ಟ್, 50 ಹರ್ಟ್ಸ್ ಮಾತ್ರ ಉಭಯ ದೇಶಗಳಲ್ಲೂ ಒಂದೇ. 2022ರ ಅಕ್ಟೋಬರ್‌ನಿಂದ ರಷ್ಯಾದ ದಾಳಿಗೆ ವಿದ್ಯುತ್ ಜಾಲ ತುತ್ತಾಗುತ್ತ ಬಂದ ಉಕ್ರೇನ್‌ಗೂ ಇದೇ ತೊಡಕು. ಅಲ್ಲಿನದು ಸೋವಿಯತ್ ಕಾಲದ 330 ಮತ್ತು 750 ಕಿಲೋವೋಲ್ಟ್ ಜಾಲ. ಪಶ್ಚಿಮ ಯುರೋಪಿನಲ್ಲಿ ಹೆಚ್ಚಾಗಿರುವುದು 400. ಹೀಗಾಗಿ 330 ಕಿಲೋವೋಲ್ಟ್ ಜಾಲವನ್ನೇ ಹೊಂದಿರುವ ಲಿಥುವೇನಿಯಾದ ಪರಿವರ್ತಕಗಳಿಗೆ ವಿಶೇಷ ಬೆಲೆ ಬಂದಿತು. ಆ ಪುಟ್ಟ ದೇಶ ಒಂದು ಉಷ್ಣ ವಿದ್ಯುತ್ ಸ್ಥಾವರವನ್ನೇ ಬಿಚ್ಚಿ ಕಳುಹಿಸಿದ್ದೂ ಉಂಟು.

ಭಾರತಕ್ಕೆ ಇದರಲ್ಲಿ ಹಿಂದಿನ ಅನುಭವವಿದೆ. ಆಫ್ಘಾನಿಸ್ತಾನದಲ್ಲಿ ಪುಲ್-ಎ-ಖುಮ್ರಿಯಿಂದ ಕಾಬೂಲ್‌ವರೆಗೆ 202 ಕಿ.ಮೀ. ಉದ್ದದ 220 ಕಿಲೋವೋಲ್ಟ್ ಮಾರ್ಗವನ್ನು ಪವರ್‌ಗ್ರಿಡ್ ನಿರ್ಮಿಸಿತು. 2009ರಲ್ಲಿ ಉಜ್ಬೇಕಿಸ್ತಾನದ ವಿದ್ಯುತ್ ಅದರ ಮೂಲಕ ರಾಜಧಾನಿ ತಲುಪಿತು. ಹೆರಾತ್ ಪ್ರಾಂತ್ಯದ 42 ಮೆಗಾವಾಟ್ ಸಾಮರ್ಥ್ಯದ ಸಲ್ಮಾ ಅಣೆಕಟ್ಟು 2016ರ ಜೂನ್ 4ರಂದು ಉದ್ಘಾಟನೆಗೊಂಡಿತು.

ಜಾಫ್ನಾ ದ್ವೀಪಗಳಲ್ಲಿ ಪರೀಕ್ಷೆ ಬೇರೆ ಬಗೆಯದು. ಉಪ್ಪುಗಾಳಿ ಲೋಹವನ್ನು ತಿನ್ನುತ್ತದೆ. ಬ್ಯಾಟರಿಗೆ ಆಯುಷ್ಯದ ಮಿತಿಯಿದೆ. ಕೆಟ್ಟ ಇನ್ವರ್ಟರನ್ನು ಸರಿಪಡಿಸುವವನೂ ದೋಣಿಯಲ್ಲೇ ಬರಬೇಕು. ನಾಗಪೂಷಣಿ ಅಮ್ಮನ್ ದೇಗುಲ ಮತ್ತು ಬೌದ್ಧರ ನಾಗದೀಪ ವಿಹಾರಗಳಿರುವ ನೈನಾತೀವಿಗೆ ಯಾತ್ರಿಕರ ದಟ್ಟಣೆಯೂ ಇದೆ. ಸೌರ ಮತ್ತು ಪವನ ವಿದ್ಯುತ್ ಎರಡೂ ಸೇರಿ 2,230 ಕಿಲೋವಾಟ್ ಆದರೆ, ತುರ್ತಿಗೆಂದು ಇಟ್ಟಿರುವ ಡೀಸೆಲ್ ಯಂತ್ರಗಳ ಸಾಮರ್ಥ್ಯವೇ ಅದಕ್ಕಿಂತ ಹೆಚ್ಚು. ಬಿಸಿಲೂ ಗಾಳಿಯೂ ಕೈಕೊಟ್ಟ ದಿನ ಡೀಸೆಲ್ ದೋಣಿಗೆ ಕಾಯುವುದು ತಪ್ಪದು.