ಉದ್ಯಾನ ರೈಲುಮಾರ್ಗದ ಸರಕು ಕ್ರೇನ್

ಉದ್ಯಾನ ರೈಲುಮಾರ್ಗದ ಸರಕು ಕ್ರೇನ್ ಎಂದರೆ ಮನೆಯ ಕೈತೋಟದಲ್ಲಿ ಹಾಸಿದ ಮಾದರಿ ರೈಲುಮಾರ್ಗದ ಸರಕು ಅಂಗಳದಲ್ಲಿ ನಿಲ್ಲಿಸುವ, ಭಾರ ಎತ್ತುವ ಯಂತ್ರದ ಪ್ರತಿಕೃತಿ. ಉದ್ಯಾನ ರೈಲಿನ ದೊಡ್ಡ ಪ್ರಮಾಣಕ್ಕೆ ಹೊಂದುವ ಕ್ರೇನ್ ಕಿಟ್‌ಗಳು ವಿರಳ, ಬೆಲೆಯೂ ಹೆಚ್ಚು. ಆದುದರಿಂದ ಮನೆಯೊಳಗಿನ ಮಾದರಿ ರೈಲಿಗೆಂದು ತಯಾರಾದ ಚಿಕ್ಕ ಪ್ರಮಾಣದ ಕಿಟ್ಟನ್ನೇ ಮಾರ್ಪಡಿಸಿ ಬಳಸುವ ರೂಢಿ ಹವ್ಯಾಸಿಗಳಲ್ಲಿದೆ.

ಹಿನ್ನೆಲೆ

ಉದ್ಯಾನ ರೈಲುಗಳಲ್ಲಿ 45 ಮಿ.ಮೀ. ಅಂತರದ ಹಳಿ ಹೆಚ್ಚು ಬಳಕೆಯಲ್ಲಿದೆ. ಜರ್ಮನಿಯ ಲೆಹ್ಮಾನ್ ಸಂಸ್ಥೆ 1968ರಲ್ಲಿ ಈ ಹಳಿಗೆ 1:22.5 ಪ್ರಮಾಣದ ರೈಲುಗಳನ್ನು ಮಾರುಕಟ್ಟೆಗೆ ತಂದಿತು. ಒಂದು ಮೀಟರನ್ನು 22.5ರಿಂದ ಭಾಗಿಸಿದರೆ ಸುಮಾರು 44.4 ಮಿ.ಮೀ. ಬರುತ್ತದೆ, ಅಂದರೆ ಈ ಹಳಿ ಮೀಟರ್ ಗೇಜ್ ಮಾರ್ಗದ ಪ್ರತಿಕೃತಿ. ಮಲೆನಾಡಿನ ಓದುಗರಿಗೆ ಈ ಹೊಂದಿಕೆಯಲ್ಲಿ ವಿಶೇಷ ಅರ್ಥವಿದೆ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಬಂದು 1940ರಲ್ಲಿ ತಾಳಗುಪ್ಪವನ್ನು ಮುಟ್ಟಿದ ರೈಲುಮಾರ್ಗ ಮೀಟರ್ ಗೇಜಿನದೇ ಆಗಿತ್ತು. ಅದು ಈಗ ಬ್ರಾಡ್ ಗೇಜಾಗಿದೆ. ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಕಾಣಿಸಿಕೊಂಡ ಅರಸಾಳು ನಿಲ್ದಾಣದ ಹಳೆಯ ಕಟ್ಟಡ ವಸ್ತುಸಂಗ್ರಹಾಲಯವಾಗಿ ಉಳಿದಿದೆ. ತರೀಕೆರೆ–ನರಸಿಂಹರಾಜಪುರ ಮಾರ್ಗವಾದರೋ ಎರಡಡಿ, ಅಂದರೆ 610 ಮಿ.ಮೀ. ಗೇಜಿನದು. ಅದರ ಮಾದರಿಗೆ 32 ಮಿ.ಮೀ. ಹಳಿ ಮತ್ತು 1:19 ಪ್ರಮಾಣ ಸರಿಹೊಂದುತ್ತದೆ. ಸೊರಬ ತಾಲ್ಲೂಕಿನ ಆನವಟ್ಟಿಯಂತಹ, ರೈಲನ್ನೇ ಕಾಣದ ಊರಿನ ಹಿತ್ತಲಿನಲ್ಲೂ ನೆರೆಯ ತಾಲ್ಲೂಕಿನ ಅಳಿದ ಮಾರ್ಗವೊಂದನ್ನು ಹೀಗೆ ಅಳತೆ ತಪ್ಪದೆ ಮರುನಿರ್ಮಿಸಬಹುದು.

ಸರಕು ಅಂಗಳದಲ್ಲಿ ಕ್ರೇನಿನ ಪಾತ್ರವನ್ನು ಮಾದರಿಕಾರರು ಅನೇಕ ವೇಳೆ ತಪ್ಪಾಗಿ ತಿಳಿಯುತ್ತಾರೆ. ಅಡಿಕೆ, ಭತ್ತದ ಮೂಟೆಗಳಿಗೆ ಕ್ರೇನ್ ಬೇಕಿರಲಿಲ್ಲ; ಅವನ್ನು ಹಮಾಲಿಗಳು ಬೆನ್ನ ಮೇಲೆ ಹೊರುತ್ತಿದ್ದರು. ಮರದ ದಿಮ್ಮಿ, ಕಲ್ಲುಚಪ್ಪಡಿ, ಯಂತ್ರದ ಭಾಗ ಮುಂತಾದ, ಹೆಗಲಿಗೆ ಮೀರಿದ ಸರಕಿಗಷ್ಟೇ ಅದರ ಉಪಯೋಗ. ಆದುದರಿಂದ ಕ್ರೇನಿನ ಕೊಕ್ಕೆಯಲ್ಲಿ ಮೂಟೆ ತೂಗಿಸಿದ ಮಾದರಿ ನೋಡಲು ಚೆನ್ನಾಗಿದ್ದರೂ ಸಹಜವೆನಿಸದು.

ಪ್ರಮಾಣದ ಲೆಕ್ಕ

ಕ್ರೇನಿಗೆ ನಿಶ್ಚಿತ ಗಾತ್ರವೆಂಬುದಿಲ್ಲ. ನಿಜಜಗತ್ತಿನಲ್ಲಿ ಒಂದು ಟನ್ನಿನ ಕ್ರೇನೂ ಇದೆ, ಹತ್ತು ಟನ್ನಿನದೂ ಇದೆ. ಮಾರ್ಪಾಡಿಗೆ ಎಡೆಮಾಡಿಕೊಡುವುದು ಈ ಅಂಶವೇ. 1:43.5 ಪ್ರಮಾಣದ ಕಿಟ್ಟಿನಲ್ಲಿ 180 ಮಿ.ಮೀ. ಎತ್ತರದ ಕ್ರೇನ್ ಇದೆಯೆನ್ನೋಣ. ಅದು ಮೂಲತಃ 7.83 ಮೀಟರ್ ಎತ್ತರದ ದೊಡ್ಡ ಯಂತ್ರವನ್ನು ಸೂಚಿಸುತ್ತದೆ. ಅದನ್ನೇ 1:22.5ರ ಅಂಗಳದಲ್ಲಿ ನಿಲ್ಲಿಸಿದರೆ 4.05 ಮೀಟರಿನ, ಸಣ್ಣ ನಿಲ್ದಾಣಕ್ಕೆ ಒಪ್ಪುವ ಕ್ರೇನಾಗುತ್ತದೆ. 1:76 ಅಥವಾ 1:87ರ ಕಿಟ್‌ಗಳು ಇದಕ್ಕೆ ತೀರ ಚಿಕ್ಕವು. ಅವುಗಳಿಂದ ರಾಟೆ, ಕೊಕ್ಕೆಗಳಂತಹ ಬಿಡಿಭಾಗಗಳನ್ನು ಮಾತ್ರ ಪಡೆಯಬಹುದು.

ಎತ್ತುವ ಸಾಮರ್ಥ್ಯದ ಲೆಕ್ಕ ಬೇರೆ. ಒಂದೇ ಆಕಾರದ, ಒಂದೇ ಲೋಹದ ಎರಡು ಕ್ರೇನ್‌ಗಳ ಸಾಮರ್ಥ್ಯ ಅವುಗಳ ಉದ್ದದ ವರ್ಗವನ್ನು ಅನುಸರಿಸುತ್ತದೆ. ಇಲ್ಲಿ ಉದ್ದದ ಅನುಪಾತ 1.93, ಅದರ ವರ್ಗ ಸುಮಾರು 3.7. ಕಿಟ್ಟಿನಲ್ಲಿ ‘5 ಟನ್’ ಎಂಬ ಫಲಕವಿದ್ದರೆ ಹೊಸ ಪ್ರಮಾಣದಲ್ಲಿ ಅದು ಸುಮಾರು 1.3 ಟನ್ ಎಂದಾಗಬೇಕು. ಇದು ಕಡಿಮೆಯೇನಲ್ಲ: 3 ಮೀಟರ್ ಉದ್ದ, 60 ಸೆಂ.ಮೀ. ವ್ಯಾಸದ ಒಣಗಿದ ತೇಗದ ದಿಮ್ಮಿಯ ತೂಕ ಅರ್ಧ ಟನ್ನಿಗಿಂತ ತುಸು ಹೆಚ್ಚು. ಮಾದರಿಯಲ್ಲಿ ಆ ದಿಮ್ಮಿ 133 ಮಿ.ಮೀ. ಉದ್ದ, 27 ಮಿ.ಮೀ. ದಪ್ಪದ ಕೊಂಬೆಯ ತುಂಡು.

ಮಾರ್ಪಾಡು

ಕ್ರೇನಿನ ಕಂಬ, ಚಾಚುತೋಳು, ಹಲ್ಲುಚಕ್ರಗಳು ಯಾವ ಪ್ರಮಾಣದಲ್ಲೂ ನಂಬುವಂತಿರುತ್ತವೆ. ಗುಟ್ಟು ಬಿಡುವುದು ಮನುಷ್ಯನ ಕೈಕಾಲು ತಾಗುವ ಭಾಗಗಳು. 1.7 ಮೀಟರ್ ಎತ್ತರದ ಕೆಲಸಗಾರ 1:43.5ರಲ್ಲಿ 39 ಮಿ.ಮೀ., 1:22.5ರಲ್ಲಿ 76 ಮಿ.ಮೀ. ಕಿಟ್ಟಿನ ಪಕ್ಕದಲ್ಲಿ ಈ ಎರಡನೆಯ ಗೊಂಬೆಯನ್ನು ನಿಲ್ಲಿಸಿ ನೋಡಿದರೆ ಬದಲಾಯಿಸಬೇಕಾದ ಭಾಗಗಳೆಲ್ಲ ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಯಾವ ನಕ್ಷೆಗಿಂತಲೂ ಇದು ಉತ್ತಮ ಪರೀಕ್ಷೆ.

ಮೊದಲನೆಯದು ಕೈಹಿಡಿ. ಇಬ್ಬರು ತಿರುಗಿಸುವ ಹಿಡಿಯ ತೋಳು ನಿಜದಲ್ಲಿ ಸುಮಾರು 40 ಸೆಂ.ಮೀ. ಇರುತ್ತದೆ. ಕಿಟ್ಟಿನ 9 ಮಿ.ಮೀ. ತೋಳನ್ನು ತೆಗೆದು ಹಿತ್ತಾಳೆ ತಂತಿಯಿಂದ 18 ಮಿ.ಮೀ.ನದನ್ನು ಬಾಗಿಸಿ ಕೂರಿಸಬೇಕು. ಆದರೆ ಅಷ್ಟಕ್ಕೇ ಮುಗಿಯದು. ಹಿಡಿಯ ಅಚ್ಚು ಕಿಟ್ಟಿನಲ್ಲಿ ನೆಲದಿಂದ 23 ಮಿ.ಮೀ. ಮೇಲಿದ್ದರೆ ಹೊಸ ಪ್ರಮಾಣದಲ್ಲಿ ಅದು 52 ಸೆಂ.ಮೀ. ಮಾತ್ರ; ಕೆಲಸಗಾರ ಮಂಡಿಯೂರಿ ತಿರುಗಿಸಬೇಕಾದೀತು. ಕ್ರೇನಿನ ಬುಡಕ್ಕೆ 20 ಮಿ.ಮೀ. ಎತ್ತರದ ಕಲ್ಲುಕಟ್ಟೆ ಕೊಟ್ಟು ಕೆಲಸಗಾರರನ್ನು ಕಟ್ಟೆಯ ಕೆಳಗೆ ನಿಲ್ಲಿಸಿದರೆ ಅಚ್ಚು 97 ಸೆಂ.ಮೀ.ಗೆ ಏರುತ್ತದೆ. ಕೊಕ್ಕೆಯ ಎತ್ತರವೂ ಅಷ್ಟೇ ಹೆಚ್ಚುವುದರಿಂದ ಒಂದೇ ಉಪಾಯಕ್ಕೆ ಎರಡು ಫಲ.

ಏಣಿಯ ಮೆಟ್ಟಿಲುಗಳ ನಡುವೆ 7 ಮಿ.ಮೀ. ಅಂತರವಿದ್ದರೆ ಒಂದು ಬಿಟ್ಟು ಒಂದು ಮೆಟ್ಟಿಲನ್ನು ಕತ್ತರಿಸಿದರಾಯಿತು, 14 ಮಿ.ಮೀ. ಎಂದರೆ ನಿಜದ 31 ಸೆಂ.ಮೀ., ಹತ್ತುವ ಕಾಲಿಗೆ ಸರಿಯಾದ ಅಳತೆ. ಇಟ್ಟಿಗೆಯ ಗುರುತು ಅಚ್ಚೊತ್ತಿದ ಪೀಠವನ್ನು ಉಳಿಸಿಕೊಳ್ಳುವ ಪ್ರಯತ್ನ ವ್ಯರ್ಥ. ಸರಪಳಿಗೆ ಸುಮಾರು 3 ಮಿ.ಮೀ. ಕೊಂಡಿಗಳ ಹಿತ್ತಾಳೆ ಸರ ಸಾಕು. ಹಲ್ಲುಚಕ್ರ ಮುರಿದಿದ್ದರೆ ಹಳೆಯ ಗಡಿಯಾರದ ಚಕ್ರಗಳು ಒದಗುತ್ತವೆ.

ಕ್ರೇನನ್ನು ನೆಡುವ ಸ್ಥಳವನ್ನು ಅಂಟು ಹಚ್ಚುವ ಮೊದಲೇ ನಿರ್ಧರಿಸಬೇಕು. ಕೊಕ್ಕೆ ವ್ಯಾಗನ್ನಿನ ನಡುಗೆರೆಯ ಮೇಲೆ ಬಾರದಿದ್ದರೆ ಕ್ರೇನ್ ನಿಷ್ಪ್ರಯೋಜಕವಾಗಿ ಕಾಣುತ್ತದೆ. ತೋಳಿನ ಚಾಚು 90 ಮಿ.ಮೀ., ವ್ಯಾಗನ್ನಿನ ಅರ್ಧ ಅಗಲ 53 ಮಿ.ಮೀ. ಆದರೆ ಕಂಬದ ನಡುವಿನಿಂದ ವ್ಯಾಗನ್ನಿಗೆ ಉಳಿಯುವುದು 37 ಮಿ.ಮೀ. ಕ್ರೇನ್ ತಿರುಗುವಾಗ ಹಿಂಬದಿಯ ಚಕ್ರಚೌಕಟ್ಟು ಇದಕ್ಕಿಂತ ಹೆಚ್ಚು ಚಾಚಿದ್ದರೆ ವ್ಯಾಗನ್ನಿಗೆ ತಗಲುತ್ತದೆ. ಆಗ ತೋಳನ್ನು ಉದ್ದ ಮಾಡಿ ಕಂಬವನ್ನು ದೂರ ಸರಿಸುವುದೇ ದಾರಿ.

ಮಳೆ, ಬಿಸಿಲು ಮತ್ತು ವಸ್ತುಗಳು

ಕೋಣೆಯೊಳಗಿನ ಬಾಳಿಕೆಗೆಂದು ತಯಾರಾದ ಕಿಟ್ಟಿಗೆ ತೋಟ ಪ್ರತಿಕೂಲ ತಾಣ. ಅರೆಮಲೆನಾಡಿನ ಹಿತ್ತಲಿನಲ್ಲಿ ಬೇಸಿಗೆಯ ಬಿಸಿಲು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಪಾಚಿ, ಗೆದ್ದಲು ಎಲ್ಲವೂ ಇವೆ. ಪಾಲಿಸ್ಟೈರೀನ್ ಪ್ಲಾಸ್ಟಿಕ್ ಬಿಸಿಲಿನ ಅತಿನೇರಳೆ ಕಿರಣಗಳಿಂದ ಪೆಡಸಾಗಿ ಬಿರಿಯುತ್ತದೆ. ಬಣ್ಣದ ದಪ್ಪ ಲೇಪ ಅದನ್ನು ಸ್ವಲ್ಪ ಕಾಲ ತಡೆಯಬಲ್ಲದು. ಮೂರು ಆಯಾಮದ ಮುದ್ರಣದಲ್ಲಿ ಬಳಸುವ ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುವುದರಿಂದ, ಕಪ್ಪು ಬಣ್ಣ ಬಳಿದ ತೋಳು ಏಪ್ರಿಲ್ ಬಿಸಿಲಿನಲ್ಲಿ ಬಾಗುವ ಭಯವಿದೆ. ಎಂಡಿಎಫ್ ಹಲಗೆ ನೀರು ಕುಡಿದು ಉಬ್ಬುತ್ತದೆ. ಬೆಸುಗೆ ಹಾಕಿದ ಹಿತ್ತಾಳೆಯ ಕಿಟ್ ಇವೆಲ್ಲಕ್ಕಿಂತ ಮೇಲು.

ಬಿಳಿ ಮರದಂಟು ತೇವಕ್ಕೆ ಬಿಡುತ್ತದೆ. ಎಪಾಕ್ಸಿ ಅಂಟು ನಿಲ್ಲುತ್ತದೆ. ಕಬ್ಬಿಣದ ತಿರುಪಿಗೆ ಬದಲಾಗಿ ಹಿತ್ತಾಳೆಯದನ್ನು, ಹತ್ತಿಯ ನೂಲಿಗೆ ಬದಲಾಗಿ ಸರಪಳಿಯನ್ನು ಬಳಸುವುದು ಒಳ್ಳೆಯದು. ಕಲ್ಲುಕಟ್ಟೆಯನ್ನು ಕಾಂಕ್ರೀಟಿನಲ್ಲಿ ಎರೆದು ಅದರೊಳಗೆ ಹಿತ್ತಾಳೆ ಕೊಳವೆಯನ್ನು ಹುದುಗಿಸಿ, ಕಂಬದ ಬುಡವನ್ನು ಅಂಟಿಸದೆ ಆ ಕೊಳವೆಯಲ್ಲಿ ಇಳಿಬಿಡುತ್ತಾರೆ. ಇದರಿಂದ ಕ್ರೇನ್ ನಿಜವಾಗಿ ತಿರುಗುತ್ತದೆ, ಗಾಳಿಗೆ ಉರುಳುವುದಿಲ್ಲ, ಮಳೆಗಾಲಕ್ಕೆ ಮುನ್ನ ಕಿತ್ತು ಒಳಗಿಡಲು ಬರುತ್ತದೆ. ಕೊಳವೆಯ ತಳ ತೆರೆದಿರಬೇಕು, ಅದರ ಕೆಳಗೆ ಜಲ್ಲಿ ಹಾಕಿರಬೇಕು. ಇಲ್ಲವಾದರೆ ನೀರು ನಿಂತು ಕಂಬದ ಬುಡ ಹಸಿರುಗಟ್ಟುತ್ತದೆ. ಕ್ರೇನನ್ನು ತೆಗೆದ ತಿಂಗಳುಗಳಲ್ಲಿ ಕೊಳವೆಯ ಬಾಯಿಗೆ ಮರದ ಬೆಣೆ ಜಡಿದರೆ ಇರುವೆ ಗೂಡು ಕಟ್ಟುವುದು ತಪ್ಪುತ್ತದೆ.